ಅಕ್ಕನಿಗೆ ಉಣಿಸಲು ಹರಪನಹಳ್ಳಿಗೆ

ಕೂಡ್ಲಿಗಿಯಲ್ಲಿ ಬೆಳಗಿನ ಬಸ್ಸು ಹತ್ತಿದಾಗ ಅಕ್ಕ ಗೌರಮ್ಮ ಹಿಂದಿನ ದಿನದಿಂದ ಏನೂ ಉಂಡಿರಲಿಲ್ಲ. ಲಿಂಗಪೂಜೆ ಮಾಡದೆ ಅವಳು ನೀರನ್ನೂ ಮುಟ್ಟುವವಳಲ್ಲ. ಪೂಜೆ ಮಾಡುತ್ತಾಳೆ, ಊಟಕ್ಕೆ ಏಳುತ್ತಾಳೆ, ಅಡುಗೆಮನೆ ತಲುಪುವಷ್ಟರಲ್ಲಿ ಮಾಡಿದ್ದನ್ನು ಮರೆತು ಮತ್ತೆ ಸ್ನಾನಕ್ಕೆ ಹೋಗುತ್ತಾಳೆ. ಪೂಜೆ ಆಗಿದೆ ಎಂದರೆ, ಸುಳ್ಳು ಹೇಳಿ ನನ್ನ ನೇಮ ಕೆಡಿಸಬೇಡ ಎಂದು ಅಳುತ್ತಾಳೆ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳು. ಈಗ ಮುಂಗೈ ಹಿಡಿದರೆ ಬರೀ ಎಲುಬು. ಮರೆವಿನ ಕಾಯಿಲೆಯವರ ಮನೆಯವರೇ ಸೇರಿ ಹರಪನಹಳ್ಳಿಯಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದಾರೆಂದು ಡಾಕ್ಟರು ಹೇಳಿದ್ದರು. ಅದರ ಸದಸ್ಯನಾಗಲು ಹೊರಟಿದ್ದೆ.

ಆಧಾರ್ ತೋರಿಸಿದ್ದಕ್ಕೆ ಅಕ್ಕನಿಗೆ ಸೊನ್ನೆ ಟಿಕೆಟ್ಟು, ದುಡ್ಡು ನನಗಷ್ಟೇ. ರಸ್ತೆಯ ಎರಡೂ ಕಡೆ ಮೆಕ್ಕೆಜೋಳ ಒಣಗಿ ನಿಂತಿತ್ತು. ಕೊಟ್ಟೂರಿನಲ್ಲಿ ಇಳಿದು ಬಸ್ಸು ಬದಲಿಸಬೇಕಿತ್ತು. ಅಲ್ಲಿ ಮಂಡಕ್ಕಿ, ಬಿಸಿ ಮಿರ್ಚಿ ಕೊಂಡು ಅವಳ ಮುಂದೆ ಹಿಡಿದೆ. ಕೈ ಚಾಚಿದಳು, ಹಿಂದಕ್ಕೆ ತೆಗೆದುಕೊಂಡಳು.

"ಪೂಜಿ ಆಗಿಲ್ಲೋ ತಮ್ಮಾ."

ಬೆಳಗ್ಗೆ ಬಳಿದುಕೊಂಡ ವಿಭೂತಿ ಹಣೆಯ ಮೇಲೆ ಇನ್ನೂ ಮಾಸಿರಲಿಲ್ಲ.

ಸಂಘವೆಂದರೆ ಬಾಡಿಗೆ ಮನೆಯ ಒಂದು ಪಡಸಾಲೆ. ಹತ್ತಿರದ ತೆಲಿಗಿ ಊರಿನ ಒಬ್ಬ ಹೆಂಗಸು ನಮ್ಮನ್ನು ಒಳಗೆ ಕರೆದರು. ಅವರ ಗಂಡನಿಗೂ ಇದೇ ಕಾಯಿಲೆ; ಮೂಲೆಯಲ್ಲಿ ಕುಳಿತು ಹೆಂಡತಿಯನ್ನು ಅಪರಿಚಿತರನ್ನು ನೋಡುವಂತೆ ನೋಡುತ್ತಿದ್ದರು.

"ನೀ ಯಾರ ಮನಿ ಸೊಸಿ ಅಂತ ದಿನಾ ಕೇಳ್ತಾರ," ಎಂದರು ಆಕೆ. "ನಲವತ್ತು ವರ್ಷ ಬಾಳೇ ಮಾಡಿ ಈಗ ವಿಚಾರಣಿ ನಡಿಸ್ಯಾರ."

ವಾರಕ್ಕೊಂದು ಮಧ್ಯಾಹ್ನ ಇನ್ನೊಬ್ಬರ ಮನೆಯ ರೋಗಿಯ ಹತ್ತಿರ ಕೂರಬೇಕು, ಆ ಹೊತ್ತು ಅವರ ಮನೆಯವರು ನಿದ್ದೆ ಮಾಡುತ್ತಾರೆ. ಸದಸ್ಯರಿಗೆ ಇದೊಂದೇ ಷರತ್ತು. ನನ್ನ ಪಾಲಿಗೆ ಕೊಟ್ಟೂರಿನ ಒಂದು ಮನೆ ಬಂತು. ಒಪ್ಪಿ ಸಹಿ ಹಾಕಿದೆ.

ಅಷ್ಟರಲ್ಲಿ ಅಕ್ಕ ಕೈಕಾಲು ತೊಳೆದು ಮತ್ತೆ ಪೂಜೆಗೆ ಕುಳಿತಿದ್ದಳು. ಲಿಂಗ ಎಡಗೈಯ ಅಂಗೈಯಲ್ಲಿತ್ತು. ತೆಲಿಗಿಯ ಆ ಹೆಂಗಸು ಹಾಲಿನಲ್ಲಿ ರೊಟ್ಟಿ ಮುರಿದು ತಂದು, ಅವಳು ಕಣ್ಣು ತೆರೆಯುತ್ತಲೇ ತಟ್ಟೆ ಮುಂದಿಟ್ಟರು. ನನಗೆ ಮೆಲ್ಲಗೆ ಹೇಳಿದರು:

"ಎಬ್ಬಿಸಬ್ಯಾಡ್ರಿ ಅಣ್ಣಾರ. ಲಿಂಗ ಅಂಗೈಯಾಗ ಇರೋವಾಗ್ಲೇ ಉಣಿಸ್ರಿ. ಎದ್ರ ಮರೀತಾರ."

ಅಕ್ಕ ಅಂಗೈಯನ್ನು ನೋಡಿದಳು, ತಟ್ಟೆಯನ್ನು ನೋಡಿದಳು. ಲಿಂಗಕ್ಕೆ ತೋರಿಸಿ ಬಲಗೈಯಿಂದ ಉಂಡಳು. ನೇಮದಂತೆ ತಟ್ಟೆ ತೊಳೆದ ನೀರನ್ನೂ ಕುಡಿದಳು. ನಾನು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಸಂಜೆಯ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಕೊಟ್ಟೂರು ದಾಟಿದ ಮೇಲೆ ಅಕ್ಕ ಕೊರಳಿಂದ ಲಿಂಗವನ್ನು ದಾರಸಮೇತ ತೆಗೆದು ನನ್ನ ಮುಂದೆ ಹಿಡಿದಳು.

"ಯಾರದೋ ಲಿಂಗ ಇಲ್ಲಿ ಉಳದೈತಿ ನೋಡು. ಪಾಪ, ಅವ್ರು ನೀರು ಸೈತ ಕುಡದಿರೂದಿಲ್ಲ. ಕೊಟ್ಟು ಬಾ."

ನಿನ್ನದೇ ಅಕ್ಕ ಎಂದೆ. ತಲೆ ಅಲ್ಲಾಡಿಸಿದಳು. ಕೊರಳಿಗೆ ಹಾಕಹೋದರೆ ಎರಡೂ ಕೈಯಿಂದ ತಡೆದಳು. ಮಂದಿಯದನ್ನು ಕಟ್ಟಿಕೊಳ್ಳಬಾರದು ಎಂಬುದು ಅವಳಿಗೆ ನೆನಪಿತ್ತು.

ಕೂಡ್ಲಿಗಿಯಲ್ಲಿ ಇಳಿದೆವು. ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಲಿಂಗ ಹಿಡಿದು ಬಸ್ಸಿನ ಹಿಂದೆ ಹೋಗಿ ಸ್ವಲ್ಪ ನಿಂತು ಬಂದೆ. ಕೊಟ್ಟೆ ಎಂದೆ.

"ಉಂಡ್ರೇನು ಅವ್ರು?"

"ಉಂಡ್ರು ಅಕ್ಕ."

ಸಮಾಧಾನವಾಗಿ ಎದ್ದು ನನ್ನ ಕೈ ಹಿಡಿದಳು. ಮನೆಯವರೆಗೂ ನನ್ನ ಅಂಗಿಯೊಳಗೆ ನನ್ನದೂ ಅವಳದೂ ಎರಡು ಲಿಂಗಗಳು ಒಂದಕ್ಕೊಂದು ತಾಗುತ್ತಿದ್ದವು.