ಬೋಣಿ ಪೆಟ್ರೋಲಿನ ದೂರು

ಆಗಸ್ಟ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಆರು ಗಂಟೆ ಐದು ನಿಮಿಷ. ಬೀದರಿನ ಭಾಲ್ಕಿ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಆಗ ಇದ್ದವರು ನಾಲ್ವರು. ಮ್ಯಾನೇಜರ್ ಆದ ನಾನು, ಪೆಟ್ರೋಲ್ ಹಾಕುವ ಹಲಬರ್ಗಾದ ಹೆಣ್ಣುಮಗಳು, ಭಾಲ್ಕಿಯ ಒಬ್ಬ ಆಟೊ ಚಾಲಕ, ಹಿಂದಿನ ಸೀಟಿನಲ್ಲಿ ಅವನ ತಾಯಿ.

ಆ ದಿನದ ಮೊದಲ ಗಿರಾಕಿ ಅವನೇ. ಮುನ್ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿಕೊಂಡು ಫೋನ್ ತೆಗೆದ.

"ಬೋಣಿಗಿ ಫೋನ್ ನಡ್ಯಾಂಗಿಲ್ಲ ಭಾಯ್. ನೋಟ ಕೊಡು," ಎಂದಳು ಹಲಬರ್ಗಾದ ಹೆಣ್ಣುಮಗಳು.

"ನೋಟ ಎಲ್ಲಿಂದ ತರ್ಲಿ ಅಕ್ಕಾ? ಮನ್ಯಾಗ ಮಷೀನ್ ಇಟ್ಟೀನೇನು?"

ದಿನದ ಮೊದಲ ಹಣ ಕೈಗೆ ಬರಬೇಕು, ಅದನ್ನು ಕಣ್ಣಿಗೆ ಒತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಬೇಕು. ನಮ್ಮ ಕಡೆ ಎಲ್ಲ ಅಂಗಡಿಗಳಲ್ಲೂ ಇದೇ ರೂಢಿ. ನಾನೂ ಅಡ್ಡ ಬರಲಿಲ್ಲ.

"ಅಮ್ಮೀಗಿ ದವಾಖಾನಿಗಿ ಬಿಟ್ಟು ನೋಟ ತರ್ತೀನಿ," ಎಂದು ಅವನು ಹೊರಟ.

ನಾನು ಔರಾದಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದವನು. ಬೆಳಗಿನ ಗಂಟೆ ಬಾರಿಸಿ ಹತ್ತು ನಿಮಿಷಕ್ಕೆ ಗೇಟು ಹಾಕಿಸುತ್ತಿದ್ದೆ. ಹಣ ಕೊಡದೆ ಓಡುವವರು ಹೆಚ್ಚಾಗಿದ್ದಾರೆಂದು ಮಾಲೀಕರು ಹಿಂದಿನ ವಾರವಷ್ಟೇ ನನ್ನಿಂದ ಒಂದು ಫಲಕ ಬರೆಸಿದ್ದರು: "ಹಣ ಕೊಡದೆ ಹೋಗುವುದು ಕಳ್ಳತನ. ಮೂರು ವರ್ಷದವರೆಗೆ ಜೈಲು." ಏಳು ಗಂಟೆಯವರೆಗೆ ಕಾದೆ. ಕಾಗದ ತೆಗೆದುಕೊಂಡು ಆಟೊದ ನಂಬರ್ ಸಹಿತ ದೂರು ಬರೆಯಲು ಕುಳಿತೆ.

"ಬರ್ತಾನ್ರಿ ಸರ್. ತಾಯಿಗಿ ಕರ್ಕೊಂಡು ಹೋಗ್ಯಾನ," ಎಂದಳು ಆಕೆ.

"ಎಲ್ಲಾರೂ ಬರ್ತೀನಿ ಅಂತ ಹೇಳೇ ಹೋಗ್ತಾರ," ಎಂದೆ.

ತರುತ್ತೇನೆಂದು ಅವನು ಹೇಳಿದ ಮಾತನ್ನು ದೂರಿನಲ್ಲಿ ಬರೆಯಲಿಲ್ಲ. "ಪರಾರಿಯಾದ" ಎಂದು ಬರೆದೆ. ಏಳೂವರೆಗೆ ಠಾಣೆಯಲ್ಲಿ ಕೊಟ್ಟು ಬಂದೆ.

ಒಂಬತ್ತಕ್ಕೆ ಆಟೊ ಬಂತು. ಎರಡು ಎಟಿಎಮ್‌ಗಳಲ್ಲಿ ಹಣ ಇರಲಿಲ್ಲವಂತೆ, ಮೂರನೆಯದರ ಮುಂದೆ ಸಾಲಿತ್ತಂತೆ. ಮೂರು ನೋಟುಗಳನ್ನು ಆಕೆಯ ಕೈಗೆ ಕೊಟ್ಟ. ದೂರು ಕೊಟ್ಟಾಗಿದೆ ಎಂದು ನಾನು ಹೇಳಿದೆ. ಅವನು ಆಟೊದ ಕಂಬಿ ಹಿಡಿದುಕೊಂಡು ನಿಂತ.

"ಸಾಬ್, ಸಾಲಿ ಮಕ್ಕಳ ವ್ಯಾನ್ ನಡ್ಸೋ ನೌಕರಿ ಸಿಕ್ಕದ. ಪೊಲೀಸ್ ಸರ್ಟಿಫಿಕೇಟ್ ತಂದ್ರ ಮಾತ್ರ ತಗೋತಾರ. ಚೋರ್ ಅಂತ ಹೆಸರು ಬಂದ್ರ ಚಾವಿ ಯಾರ್ ಕೊಡ್ತಾರ್ರಿ ನನಗ?"

ಠಾಣೆಗೆ ಹೋಗಲು ಅವನದೇ ಆಟೊ ಹತ್ತಿದೆ. ಪಾಳಿ ಮುಗಿಯುವ ಮೊದಲು ನಾನು ಬಂಕು ಬಿಟ್ಟಿದ್ದು ಆ ಬೆಳಿಗ್ಗೆ ಅದು ಎರಡನೆಯ ಸಲ. ಆ ದಿನಕ್ಕೂ ಮೊದಲು ಎಂದೂ ಬಿಟ್ಟಿರಲಿಲ್ಲ.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಚಹಾ ಕುಡಿಯುತ್ತಿದ್ದರು. ನನ್ನ ಕಾಗದ ಅವರ ಮೇಜಿನ ಮೇಲೆ ಹಾಗೆಯೇ ಇತ್ತು. ತಪ್ಪು ನನ್ನದು, ಅವನು ಹೇಳಿಯೇ ಹೋಗಿದ್ದ ಎಂದೆ.

"ಈಗಿನ ಕಾಯ್ದೆದಾಗ ಐದು ಸಾವಿರದ ಒಳಗಿಂದು, ಮೊದಲ್ನೇ ಸಲ, ಮಾಲ್ ವಾಪಸ್ ಕೊಟ್ರ ಜೈಲಿಲ್ಲರಿ. ಸಮಾಜ ಸೇವಾ ಮಾಡಸ್ತಾರ. ಆದ್ರ ಗುನ್ಹೆ ಅಂತ ಹೆಸರ ಮುಂದ ಉಳದೇ ಉಳೀತದ," ಎಂದರು ಅವರು. ಆಮೇಲೆ ಕಾಗದವನ್ನು ನನ್ನತ್ತ ಸರಿಸಿದರು. "ಇನ್ನಾ ಎಂಟ್ರಿ ಮಾಡಿಲ್ಲ. ಚಹಾ ಗರಂ ಇತ್ತು, ಅದಕ್ಕ ನಿಮ್ಮ ಕಳ್ಳ ಉಳದ. ಮಾಸ್ತರ್ರೇ, ಮುಂದಿನ ಸಲ ಪೂರಾ ಬರೀರಿ."

ಚಾಲಕ ನನ್ನನ್ನು ಬಂಕಿಗೆ ತಂದು ಬಿಟ್ಟ. ಬಾಡಿಗೆ ಕೊಡಲು ಹೋದೆ.

"ಬೋಣಿ ಆಗ್ಯದ ಸಾಬ್, ಇಡ್ರಿ," ಎಂದು ಗಾಡಿ ತಿರುಗಿಸಿದ.

ಎರಡು ಗಂಟೆಗೆ ಪಾಳಿ ಮುಗಿಸುವಾಗ ಟ್ಯಾಂಕಿಗೆ ಅಳತೆಕೋಲು ಇಳಿಸಿ ಮಟ್ಟ ಬರೆದುಕೊಂಡೆ. ಆಮೇಲೆ ಬಣ್ಣದ ಡಬ್ಬಿ ತೆಗೆದು ಫಲಕದ ಕೆಳಗೆ ಒಂದು ಸಾಲು ಸೇರಿಸಿದೆ: "ಬೋಣಿಗೂ ಫೋನ್ ಪಾವತಿ ನಡೆಯುತ್ತದೆ."

ಆಕೆ ಹಿಂದೆ ನಿಂತು ಓದಿದಳು. "ಬರದೀರಿ, ಛಲೋ ಆಯ್ತು. ನಾಳಿಂದ ಕಣ್ಣಿಗಿ ಏನ್ ಒತ್ಕೋಬೇಕ್ರಿ ಸರ್, ಅವರ ಮೊಬೈಲಾ?"

ಕುಂಚ ತೊಳೆದು ಒಣಗಲು ಇಟ್ಟೆ.