ಎಂಡ ಬೇಡಿದ ತಂಗಡಿ

ಮೊನ್ನೆ ಗೇಟಿನ ಬಳಿ ಗುಡಿಸುವಾಗ ತಂಗಡಿಯ, ಅಂದರೆ ಆವರಿಕೆಯ, ಒಣಗಿದ ಕಾಯಿಯೊಂದು ಪೊರಕೆಗೆ ಸಿಕ್ಕಿತು. ಅಂಗೈಯಲ್ಲಿಟ್ಟು ಉಜ್ಜಿದೆ. ಬೀಜ ಉದುರಿದವು, ಜೊತೆಗೇ ಎದುರುಮನೆ ಅಜ್ಜಿ ನೆನಪಾದರು...

ರಾಂಪುರದ ಕಡೆ ಕುರಿ ಕಾದ ಮನೆತನ ಅವರದು. ಮಂಡಿನೋವು ಹೆಚ್ಚಾಗಿ ಚಳ್ಳಕೆರೆಯ ಮಗಳ ಮನೆಗೆ ಬಂದಿದ್ದರು. ಮೊದಲ ದೀಪಾವಳಿಗೆ ಲಕ್ಕವ್ವನೆಂದು ಹೊಸ್ತಿಲಲ್ಲಿಡುವ ಸಗಣಿ ಉಂಡೆಗೆ ಚುಚ್ಚಲು ತಂಗಡಿ ಹೂ ಕೇಳಿದರೆ, ಮಗಳು ಪೇಟೆಯಿಂದ ಚೆಂಡುಹೂ ತಂದಳು. ಅಜ್ಜಿ ಬರಿ ಉಂಡೆ ಇಟ್ಟು ಕೂತುಬಿಟ್ಟರು.

"ಲಕ್ಕವ್ವನ್ನ ಬರಿದಲೇಲಿ ಕೂರಿಸಿದಂಗಾತು. ಬರೋ ಹಬ್ಬಕ್ಕೆ ನನ್ನ ಹೂ ನಾನೇ ಬೆಳಕಂತೀನಿ."

ಬಯಲಲ್ಲಿ ಬೇಡವೆಂದರೂ ಬೆಳೆಯುವ ಗಿಡವನ್ನು ಅಂಗಳದಲ್ಲಿ ಬೆಳೆಸುವವರನ್ನು ನಾನು ಕಂಡಿದ್ದು ಆಗಲೇ. ಊರಿಂದ ಬೀಜ ತರಿಸಿ, ಕಲ್ಲಿಗೆ ಉಜ್ಜಿ, ನೆರಳೇ ಬೀಳದ ಗರಸು ನೆಲದಲ್ಲಿ ಊರಿದರು. ಮೊಳಕೆ ಬರುವವರೆಗೆ ಮಾತ್ರ ನೀರು. ಬೇಸಿಗೆಯಲ್ಲಿ ಸಸಿ ಬಾಡಿದಂತೆ ಕಂಡು ನಾನು ಬಿಂದಿಗೆ ಹಿಡಿದು ಹೋದೆ.

"ಅದಕ್ಕೆ ನೀರು ಬ್ಯಾಡ ಕಣವ್ವ, ಎಂಡ ಬೇಕು" ಎಂದರು ಅಜ್ಜಿ.

ದಾವಣಗೆರೆ ಕಡೆಯಿಂದ ಬಂದ ನಮಗೆ ಎಂಡವೆಂದರೆ ಹೆಂಡ. ಮನೆಯಲ್ಲಿ ಹೇಳಿದ್ದೇ ತಡ, ನಮ್ಮ ಯಜಮಾನರಿಗೆ ಗಿಡದ ಮೇಲೆ ಎಲ್ಲಿಲ್ಲದ ಮಮತೆ ಬಂತು. ಮರುದಿನ ತಮ್ಮ ಪಾಲಿನದರಲ್ಲೇ ಅರ್ಧ ಉಳಿಸಿ, ಬುಡಕ್ಕೆ ಸುರಿಯಲು ಬಗ್ಗಿದರು. ಅಜ್ಜಿ ಕೋಲೂರಿಕೊಂಡು ಓಡಿಬಂದರು.

"ನೀವೇ ಎಂಡ ಬೇಕು ಅಂದ್ರಂತಲ್ರಿ?"

ಅಜ್ಜಿ ಆಕಾಶ ತೋರಿಸಿದರು. "ನಮ್ಮ ತೆಲುಗಿನಾಗೆ ಎಂಡ ಅಂದ್ರೆ ಬಿಸ್ಲು ಕಣಪ್ಪ. ಅದನ್ನ ನೀನೇ ಕುಡಿ. ಗಿಡ ಕೆಡಿಸಬ್ಯಾಡ."

ಆ ಬೇಸಿಗೆ ನನ್ನ ಗುಲಾಬಿ, ಮಲ್ಲಿಗೆ ನೀರುಂಡೂ ಸುಟ್ಟುಹೋದವು. ತಂಗಡಿ ಮಾತ್ರ ಬಿಸಿಲನ್ನೇ ಉಂಡು ಎದ್ದಿತು. ದೀಪಾವಳಿಯ ಬೆಳಗ್ಗೆ ಬಾಗಿಲು ತೆರೆದವಳು ಹಾಗೇ ನಿಂತುಬಿಟ್ಟೆ. ಗಿಡದ ಮೈತುಂಬ ಹಳದಿ. ಇಷ್ಟು ಹೊನ್ನು ಆ ಗರಸಿನಲ್ಲಿ ಎಲ್ಲಿತ್ತೋ... ಅಜ್ಜಿ ಗಿಡಕ್ಕೆ ಕೈಮುಗಿದು ಹೂ ಬಿಡಿಸಿದರು, ಉಂಡೆಗೆ ಚುಚ್ಚಿದರು. ಉಳಿದದ್ದನ್ನು ಬೀದಿಯ ಮನೆಮನೆಗೂ ಹಂಚಿದರು.

ಅವರು ತೀರಿಕೊಂಡು ವರ್ಷಗಳಾದವು. ಮಗಳ ನಂತರ ಆ ಮನೆಗೆ ಬಂದ ಹೊಸಬರು ದಿನಾ ನೀರೆರೆದು, ಪ್ರೀತಿಯಿಂದಲೇ ಗಿಡವನ್ನು ಕೊಂದರು. ಅಷ್ಟರಲ್ಲಿ ಅದರ ಬೀಜವೊಂದು ನಮ್ಮ ಗೇಟಿನ ಬುಡದ ಬಿರುಕಿನಲ್ಲಿ ಬೇರುಬಿಟ್ಟಿತ್ತು.

ನಿನ್ನೆ ಸೊಸೆ ಅದಕ್ಕೆ ಚೊಂಬು ನೀರು ತಂದಳು.

"ನೀರು ಬ್ಯಾಡವ್ವ, ಎಂಡ ಬೇಕು" ಎಂದೆ.

ಅವಳು ಗಾಬರಿಯಿಂದ ಮಾವನ ಮುಖ ನೋಡಿದಳು. ನಾವಿಬ್ಬರೂ ನಕ್ಕೆವು. ನಗುತ್ತಲೇ ಎದುರುಮನೆಯತ್ತ ತಿರುಗಿದೆ... ಆಕಾಶ ತೋರಿಸಲು ಅಲ್ಲಿ ಯಾರೂ ಇರಲಿಲ್ಲ. ನಾನೇ ಕೈಯೆತ್ತಿದೆ.