ಟ್ರ್ಯಾಕ್ಟರ್ ಪುಸ್ತಕದಿಂದ ಓದಿದ ಅರ್ಥ

ಅಫಜಲಪುರದ ಚರ್ಚಾಸ್ಪರ್ಧೆಯಲ್ಲಿ ನಾನು ಸುಳ್ಳು ಹೇಳಿ ಗೆದ್ದೆ. ಬಾಯಿತಪ್ಪಿ ಬಂದ ಸುಳ್ಳಲ್ಲ — ಪುಟಸಂಖ್ಯೆ ಸಮೇತ ಹೇಳಿದ ಸುಳ್ಳು. ಇಂಗ್ಲಿಷಿನ ಒಂದು ಶಬ್ದಕ್ಕೆ ನನಗೆ ಬೇಕಾದ ಅರ್ಥವನ್ನು ನಾನೇ ಕಟ್ಟಿ, ತುಂಬಿದ ಸಭೆಯ ಎದುರು ಡಿಕ್ಷನರಿಯಿಂದ ಓದಿದೆ. ಓದಿದೆ ಅನ್ನುವುದೂ ಸುಳ್ಳೇ. ನನ್ನ ಕೈಯಲ್ಲಿದ್ದದ್ದು ಡಿಕ್ಷನರಿ ಆಗಿರಲಿಲ್ಲ.

ಒಂಬತ್ತು ವರ್ಷದ ಹಿಂದಿನ ಮಾತು. ಊರು ಹಿರೋಳ್ಳಿಯಾದರೂ ಆಳಂದದಲ್ಲಿ ಸೋದರಮಾವನ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದೆ. ಮಾವನದು ಟ್ರ್ಯಾಕ್ಟರ್ ಗ್ಯಾರೇಜು. ಯಾರು ಏನು ಹೇಳಿದರೂ 'ಪುರಾವೆ ಎಲ್ಲಿ?' ಎಂದು ಕೇಳುವುದು ನನ್ನ ಚಟ. ಜ್ಯೋತಿಷಿಯನ್ನೂ ಬಿಡಲಿಲ್ಲ, ಮೇಷ್ಟ್ರನ್ನೂ ಬಿಡಲಿಲ್ಲ. 'ಇವನ ಸಂಗಡ ಚಾ ಕುಡಿಬೇಕಂದ್ರ ಇಬ್ಬರು ಸಾಕ್ಷಿದಾರರು ಬೇಕು' ಎಂದು ಅತ್ತೆ ನಗುತ್ತಿದ್ದರು. ನನಗೆ ಅದೊಂದು ಬಿರುದು.

ಅಂದಿನ ವಿಷಯ: ಮತ ಹಾಕುವುದು ಪ್ರತಿಯೊಬ್ಬರ ಆಬ್ಲಿಗೇಷನ್. ಶಬ್ದವೇನೂ ನಮಗೆ ಹೊಸದಲ್ಲ. ಗ್ಯಾರೇಜಿನಲ್ಲಿ ಮಾವ ದಿನಕ್ಕೆರಡು ಸಲ ಅನ್ನುತ್ತಿದ್ದರು — 'ಆ ಮನಷ್ಯಾಂದು ಆಬ್ಲಿಗೇಷನ್ ನಮಗ ಬ್ಯಾಡಪಾ.' ಅಲ್ಲಿ ಅದು ಹಂಗು. ಕಾಲೇಜಿನ ನೋಟಿಸ್ ಬೋರ್ಡಿಗೆ ಬಂದರೆ ಕರ್ತವ್ಯ. ಕೋರ್ಟಿನ ಕಾಗದದಲ್ಲಿ ಬಾಧ್ಯತೆ. ನಾನು ವಿರೋಧದ ಪಕ್ಷ. ಪರವಾಗಿ ಮಾತಾಡಲು ಎದ್ದವಳು ಅಫಜಲಪುರದವಳೇ ಆದ ಗೌತಮಿ.

ಅವಳು ಶಬ್ದದ ಬೇರಿಗೇ ಕೈ ಹಾಕಿದಳು. ಇದರ ಮೂಲದಲ್ಲಿ ಕಟ್ಟುವುದು ಎಂಬ ಅರ್ಥವಿದೆ. ಕಾಯಿದೆ ಕಟ್ಟುತ್ತದೆ, ಕೊಟ್ಟ ಮಾತು ಕಟ್ಟುತ್ತದೆ, ನಮ್ಮ ಮನಸ್ಸಾಕ್ಷಿಯೂ ಕಟ್ಟುತ್ತದೆ ಎಂದಳು. ಆಮೇಲೆ ಪುಸ್ತಕದ ಭಾಷೆ ಬಿಟ್ಟು, ಸಭೆಯ ಕಡೆ ತಿರುಗಿ — 'ಯಾರೂ ಹೊಡಿಯಂಗಿಲ್ರಿ, ಯಾರೂ ಕೇಳಂಗಿಲ್ಲ. ಆದ್ರೂ ಬಿಟ್ಟು ಕುಂದ್ರಾಕ ಮನಸ್ ಒಪ್ಪಂಗಿಲ್ಲ ನೋಡ್ರಿ, ಅದೂ ಆಬ್ಲಿಗೇಷನ್ನೇ!' ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ಸೋತಿದ್ದೆ. ಅದು ನನಗೆ ಗೊತ್ತಿತ್ತು, ಮತ್ತು —

ಮತ್ತು ನನ್ನ ಚೀಲದಲ್ಲಿ ಒಂದು ದಪ್ಪ ಪುಸ್ತಕವಿತ್ತು. ಟ್ರ್ಯಾಕ್ಟರ್ ಬಿಡಿಭಾಗಗಳ ಕ್ಯಾಟಲಾಗು. ಅಫಜಲಪುರದ ಮೆಕ್ಯಾನಿಕ್ಕಿಗೆ ಮುಟ್ಟಿಸು ಎಂದು ಮಾವ ಹಳೇ ಪೇಪರಿನ ಹೊದಿಕೆ ಹಾಕಿ ಕೊಟ್ಟಿದ್ದರು. ಅದನ್ನು ಎತ್ತಿಕೊಂಡು ಮೈಕಿನ ಮುಂದೆ ನಿಂತೆ. ತೆರೆಯುವ ಮೊದಲು ಎರಡೂ ಕಣ್ಣಿಗೆ ಒತ್ತಿಕೊಂಡೆ.

ನನ್ನ ಅಪರಾಧ ಇರುವುದು ಇಲ್ಲೇ. ನಮ್ಮ ಕಡೆ ಒಬ್ಬ ಮನುಷ್ಯ ಕಣ್ಣಿಗೊತ್ತಿಕೊಂಡ ಪುಸ್ತಕವನ್ನು 'ಎಲ್ಲಿ, ತೋರಿಸು' ಎಂದು ಯಾರೂ ಕೇಳುವುದಿಲ್ಲ. ಕೊರಳಲ್ಲಿರುವ ಕರಡಿಗೆಯೊಳಗೆ ಲಿಂಗ ಇದೆಯೋ ಇಲ್ಲವೋ ತೆರೆದು ತೋರಿಸು ಎಂದಷ್ಟೇ ಅಸಭ್ಯ ಅದು. ಜನರ ಈ ನಂಬಿಕೆಯನ್ನು ವರ್ಷಗಟ್ಟಲೆ ಗೇಲಿ ಮಾಡಿದವನು ನಾನು. ಅವತ್ತು ಅದರ ಹೆಗಲ ಮೇಲೆಯೇ ಹತ್ತಿ ಕುಳಿತೆ.

'ಇದು ದೊಡ್ಡ ಡಿಕ್ಷನರಿ. ಪುಟ ಆರುನೂರಾ ಹನ್ನೆರಡು. ಮಾಡದಿದ್ದರೆ ಶಿಕ್ಷೆ ಇರುವ ಕೆಲಸಕ್ಕೆ ಮಾತ್ರ ಆಬ್ಲಿಗೇಷನ್ ಎಂದು ಹೆಸರು!' ನನ್ನ ಕಣ್ಣೆದುರಿನ ಪುಟದಲ್ಲಿ ಕ್ಲಚ್ ಪ್ಲೇಟಿನ ಚಿತ್ರವಿತ್ತು. 'ಮತ ಹಾಕದಿದ್ದರೆ ಶಿಕ್ಷೆ ಇದೆಯೇ? ಇಲ್ಲ. ಅಂದಮೇಲೆ?' ತೀರ್ಪುಗಾರರು ಒಪ್ಪಿ ತಲೆಯಾಡಿಸಿದರು.

ಉತ್ತರ ಕೊಡಲು ಗೌತಮಿಗೆ ಒಂದು ನಿಮಿಷವಿತ್ತು. ಎದ್ದಳು. ಪುಸ್ತಕದ ದಪ್ಪ ನೋಡಿದಳು. 'ಅಷ್ಟು ದೊಡ್ಡ ಬುಕ್ಕಿನ್ಯಾಗ ಹಂಗದ ಅಂದ್ರ… ನಾನೇ ತಪ್ಪು ಕಲ್ತಿರಬೇಕ್ರಿ' ಎಂದು ಕುಳಿತುಬಿಟ್ಟಳು. ಆಮೇಲೆ ತಾನೇ ಬಂದು ಶಾಬಾಸ್ ಹೇಳಿದಳು. ಗೆಳೆತನವೂ ಆಯಿತು. ಆದರೆ ಅವಳು ಮತ್ತೆ ಯಾವ ವೇದಿಕೆಯನ್ನೂ ಹತ್ತಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ — ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ.

ನಾನೀಗ ಆಳಂದದಲ್ಲಿ ಜೂನಿಯರ್ ವಕೀಲ. ಪುರಾವೆ ಕೇಳುವುದೇ ಹೊಟ್ಟೆಪಾಡು. ಗೌತಮಿ ಜೇವರ್ಗಿಯ ಒಂದು ಹೈಸ್ಕೂಲಿನಲ್ಲಿ ಟೀಚರ್. ಹೋದ ತಿಂಗಳು ನಗುತ್ತಲೇ ಫೋನು ಮಾಡಿದಳು.

'ಏನಪಾ ವಕೀಲ, ನಮ್ ಹುಡುಗ್ರು ನಾ ಕಲಿಸಿದ ನಿನ್ನ ಕಾಯ್ದೆ ನನಗ ಹಚ್ಚಾಕತ್ತಾರ ನೋಡು. ಗಿಡಕ್ಕ ನೀರ್ ಹಾಕ್ರಿ ಅಂದ್ರ, ಹಾಕ್ಲಿಲ್ಲಂದ್ರ ಶಿಕ್ಷಾ ಏನ್ರಿ ಟೀಚರ್, ಅಂತಾರ. ಏನಿಲ್ಲ ಅಂದೆ. ಮತ್ತ ಅದು ಆಬ್ಲಿಗೇಷನ್ ಅಲ್ಲಲ್ರಿ, ಅಂತ ಕುಂತೇ ಬಿಟ್ರು!'

ನಾನೂ ನಕ್ಕೆ. ಆಗ ಅವಳು ಕೇಳಿದಳು — 'ಚರ್ಚಾಕೂಟ ಸುರು ಮಾಡಾಕತ್ತೇನಿ. ಆ ದೊಡ್ಡ ಡಿಕ್ಷನರಿ ಹೆಸರೇನೋ? ಸಣ್ಣ ಡಿಕ್ಷನರಿ ಎಲ್ಲಾ ನಾ ಅವತ್ತ ಹೇಳಿದ್ದೇ ಹೇಳ್ತಾವ. ಕಲಬುರಗಿ ಅಂಗಡಿ ಎಲ್ಲಾ ತಿರುಗಿದೆ, ನಿಂದು ಮಾತ್ರ ಸಿಗವಲ್ದು.'

ಅಂದರೆ ಎಲ್ಲ ಡಿಕ್ಷನರಿಗಳೂ ಅವಳ ಪಕ್ಷ. ಆದರೂ ಅವಳು ನಂಬಿದ್ದು ಇಲ್ಲದ ಒಂದನ್ನು, ಮಕ್ಕಳಿಗೆ ಕಲಿಸಿದ್ದೂ ಅದನ್ನೇ. 'ಹುಡುಕಿ ಹೇಳ್ತೇನಿ' ಅಂದೆ. ಇನ್ನೊಂದು ಸುಳ್ಳು.

ನಾಲ್ಕು ದಿನ ನನ್ನ ಪರವಾಗಿ ನಾನೇ ವಾದಿಸಿದೆ, ಚೆನ್ನಾಗಿಯೇ ವಾದಿಸಿದೆ. ಚರ್ಚೆಯಲ್ಲಿ ಹೇಳಿದ ಸುಳ್ಳಿಗೆ ಯಾವ ಸೆಕ್ಷನ್ನೂ ಇಲ್ಲ. ಸಾಕ್ಷಿ ಇಲ್ಲ. ನನ್ನದೇ ವ್ಯಾಖ್ಯೆಯ ಪ್ರಕಾರ ನನಗೆ ಯಾವ ಆಬ್ಲಿಗೇಷನ್ನೂ ಇಲ್ಲ. ಪ್ರತಿ ವಾದವೂ ಗೆಲ್ಲುತ್ತಿತ್ತು, ಆದರೂ ಊಟ ಸೇರುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಜೇವರ್ಗಿಯ ದಾರಿ ಹಿಡಿದೆ.

ಅವಳೊಬ್ಬಳಿಗೇ ಹೇಳಬೇಕೆಂದಿದ್ದೆ. ಅವಳು ಸೀದಾ ಕ್ಲಾಸಿಗೇ ಎಳೆದೊಯ್ದಳು. 'ನೋಡ್ರಿ, ದೊಡ್ಡ ಡಿಕ್ಷನರಿ ಸರ್ ಬಂದಾರ!' ಮಕ್ಕಳು ನನ್ನ ಖಾಲಿ ಕೈ ನೋಡಿದರು. 'ಬುಕ್ ಎಲ್ರಿ ಸರ್?' ಹೇಳಿದೆ. ಎಲ್ಲವನ್ನೂ — ಕ್ಯಾಟಲಾಗು, ಕಣ್ಣಿಗೊತ್ತಿಕೊಂಡದ್ದು, ಆರುನೂರಾ ಹನ್ನೆರಡನೆಯ ಪುಟ. ಹಿಂದಿನ ಬೆಂಚಿನಿಂದ ಯಾರೋ 'ಕ್ಲಚ್ ಪ್ಲೇಟಾ!' ಎಂದದ್ದೇ ತಡ, ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.

ಗೌತಮಿ ನಗಲಿಲ್ಲ. ಮೇಜಿನ ಅಂಚಿಗೆ ಒರಗಿ ನಿಂತಳು. 'ಒಂಬತ್ತು ವರ್ಷ ಲೇ… ಖರೇ ಗೊತ್ತಿದ್ದ ಮಾತು ಹೇಳಾಕೂ ಎರಡ್ ಸಲ ಬುಕ್ ತಗದ್ ನೋಡೀನಲ್ಲೋ.' ನಾನು ತಲೆ ತಗ್ಗಿಸಿದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. 'ಟೀಚರ್, ಇವ್ರಿಗಿ ಈಗ ಶಿಕ್ಷಾ ಏನ್ರಿ?'

'ಶಿಕ್ಷಾ ಏನಿಲ್ಲ ಬೇ, ಕುಂಡ್ರು.'

ಅವಳು ಕೂರಲಿಲ್ಲ. ನನ್ನ ಕಡೆ ತಿರುಗಿದಳು. 'ಶಿಕ್ಷಾ ಇಲ್ಲಂದ್ರ ಮತ್ತ ನೀವ್ ಯಾಕ್ ಬಂದ್ರಿ ಸರ್?'

ಆಗ ನಕ್ಕಳು ಗೌತಮಿ — ಕಣ್ಣಲ್ಲಿ ನೀರು ಬರುವ ಹಾಗೆ. 'ಬರ್ಕೋರ್ರಿ ಎಲ್ಲಾರೂ! ಯಾಕ್ ಬಂದಾರ, ಅದೇ ನೋಡ್ರಿ ಆ ಶಬ್ದದ ಅರ್ಥ.'

ಮಕ್ಕಳು ಬಿಡಲಿಲ್ಲ. ಆ ಚರ್ಚೆ ಈಗಲೇ ಮತ್ತೆ ಆಗಬೇಕು ಎಂದು ಹಟ ಹಿಡಿದರು. ಗೌತಮಿ ಸೆರಗು ಸಿಕ್ಕಿಸಿಕೊಂಡು ನಿಂತಳು. ಮೊದಲೆರಡು ಮಾತು ತಡವರಿಸಿದವು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಪಕ್ಕದ ಕ್ಲಾಸಿನವರೂ ಕಿಟಕಿಗೆ ಬಂದು ನಿಂತರು. ನಾನು ವಿರೋಧಿಸಿದೆ — ಬರಿಗೈಯಲ್ಲಿ, ಪ್ರಾಮಾಣಿಕವಾಗಿ, ನನ್ನ ಶಕ್ತಿಯಷ್ಟೂ — ಮತ್ತು ಸೋತೆ. ಕೈ ಎತ್ತಿಸಿದಾಗ ನನ್ನ ಕಡೆ ಒಂದೂ ಕೈ ಇರಲಿಲ್ಲ, ನನ್ನದೂ. ಇಷ್ಟು ಸಂತೋಷದಿಂದ ನಾನು ಎಂದೂ ಗೆದ್ದಿಲ್ಲ.

ಆದರೆ ಅವಳು ಮಾತಾಡುವಾಗ ಒಂದು ವಿಷಯ ಸ್ಪಷ್ಟವಾಯಿತು. ಇಂಥ ದನಿ ಆಳಂದದಲ್ಲಿ, ಅಫಜಲಪುರದಲ್ಲಿ, ಜೇವರ್ಗಿಯಲ್ಲಿ ಒಂಬತ್ತು ವರ್ಷ ಕೇಳಬೇಕಿತ್ತು. ಕೇಳಲಿಲ್ಲ. ಕೇಳದಂತೆ ಮಾಡಿದವನು ನಾನು. ಇದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ.